ಎಲ್‌ಪಿ ಎಂಬ ಎರಡಕ್ಷರದ ಕಮಾಂಡೂ ಅಪ್ಪನ ಸಾಲದ ರಶೀದಿಯೂ

ನಮ್ಮ ಮನೆಯ ಅಟ್ಟದಲ್ಲಿ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇದೆ. ಅದು ಅಪ್ಪನ ಕಡತಖಾನೆ. ತೀರ್ವೆ ಕಟ್ಟಿದ ಚೀಟಿ, ಅಡಿಕೆ ಮಾರಿದ ಬಿಲ್ಲು, ಗೊಬ್ಬರದ ಲೆಕ್ಕ ಎಲ್ಲವೂ ಅದರೊಳಗೆ. ಅಟ್ಟದಲ್ಲೇ ಯಾಕೆ ಅಂದರೆ, ಅದರ ಕೆಳಗೆ ಅಡಿಗೆಮನೆಯ ಒಲೆ ಇದೆ. ಗುತ್ತಿಗಾರಿನ ಮಳೆ ಗೊತ್ತಲ್ಲ, ಜೂನ್ ಶುರುವಾಯಿತೆಂದರೆ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಹೊಗೆ ತಾಗುವ ಜಾಗದಲ್ಲಿಟ್ಟರೆ ಮಾತ್ರ ಉಳಿಯುತ್ತದೆ.

ಕಳೆದ ಸಲ ಊರಿಗೆ ಹೋದಾಗ ಆ ಡಬ್ಬಿ ಬಿಚ್ಚಿದೆ. ಅದರಲ್ಲಿ ಕಂಪ್ಯೂಟರಿನಿಂದ ಬಂದ ಮೂರು ಕಾಗದ ಸಿಕ್ಕವು. ಒಂದು, 2002ರಲ್ಲಿ ಸುಳ್ಯದ ತಾಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ತಂದ ಪಹಣಿ. 'ಭೂಮಿ' ಯೋಜನೆಯದ್ದು, ಕನ್ನಡದಲ್ಲಿದೆ. ಎರಡನೆಯದು ಅದೇ ವರ್ಷದ್ದು, ಒಂದು ಬ್ಯಾಂಕಿನ ಶಾಖೆ ಕೊಟ್ಟ ಸಾಲದ ರಶೀದಿ. ಎರಡೂ ಅಂಚಿಗೆ ಸಾಲಾಗಿ ತೂತುಗಳಿರುವ ಕಾಗದ, ಮಾಸಿದ ಚುಕ್ಕಿ ಚುಕ್ಕಿ ಅಕ್ಷರ, ಪೂರ್ತಿ ಇಂಗ್ಲಿಷು. ಮೂರನೆಯದರ ಕಥೆ ಕೊನೆಗೆ ಹೇಳುತ್ತೇನೆ.

ಆ ರಶೀದಿಯಿಂದ ಶುರು ಮಾಡುತ್ತೇನೆ. ಅಡಿಕೆ ಬೆಲೆ ನೆಲಕಚ್ಚಿದ್ದ ಕಾಲ ಅದು. ಅಪ್ಪ ಹೇಗೋ ಹೊಂದಿಸಿ ಸಾಲ ಕಟ್ಟಿ ಬಂದು, ರಶೀದಿಯನ್ನು ನಾಲ್ಕು ಮಡಿಕೆ ಮಡಚಿ ಡಬ್ಬಿಗೆ ಹಾಕಿ, "ಅದೊಂದು ಮುಗೀತು" ಅಂತ ಅಮ್ಮನಿಗೆ ಹೇಳಿದರು. ಅಪ್ಪ ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಆದರೆ ಇಂಗ್ಲಿಷ್ ಬಾರದು. ರಶೀದಿಯಲ್ಲಿ ತಾನು ಕಟ್ಟಿದ ಮೊತ್ತದ ಅಂಕಿ ಸರಿ ಇದೆಯಾ ಅಂತ ನೋಡಿದರು, ಸರಿ ಇತ್ತು. ಕೆಳಗೆ ಇನ್ನೊಂದು ಅಂಕಿ ಇತ್ತು. ಅದು ಏನೆಂದು ಅದರ ಪಕ್ಕದ ಇಂಗ್ಲಿಷ್ ಶಬ್ದ ಹೇಳುತ್ತಿತ್ತು... ಬಾಕಿ!

ಮರುವರ್ಷ ನೋಟೀಸು ಬಂತು. ಒಂದು ವರ್ಷದ ಬಡ್ಡಿ, ಅದರ ಮೇಲೆ ದಂಡದ ಬಡ್ಡಿ. ನಾನು ಮಂಗಳೂರಿನಿಂದ ರಜೆಯಲ್ಲಿ ಬಂದಿದ್ದೆ. ಅಪ್ಪ ರಶೀದಿಯನ್ನೂ ನೋಟೀಸನ್ನೂ ನನ್ನ ಕೈಗೆ ಕೊಟ್ಟು, "ಇದ್ರಲ್ಲಿ ಎಂತ ಉಂಟು ಮಗಾ, ಒಮ್ಮೆ ಓದು" ಅಂದರು. ಓದಿದೆ. ಅಪ್ಪ ಏನೂ ಹೇಳಲಿಲ್ಲ, ಎದ್ದು ತೋಟಕ್ಕೆ ಹೋದರು. ದುಡ್ಡು ಹೋದದ್ದಕ್ಕಿಂತ ಅವರಿಗೆ ನಾಚಿಕೆಯೇ ಜಾಸ್ತಿ ಆಗಿತ್ತು. ನನಗೂ ಆಗಿತ್ತು. ಯಾಕೆಂದರೆ ಮಂಗಳೂರಿನ ಒಂದು ಆಫೀಸಿನಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ನಾನು ಮಾಡುತ್ತಿದ್ದ ಕೆಲಸವೇ ಅದು. ಯುನಿಕ್ಸ್ ಮಿಷನ್ನಿನಿಂದ ಅಂಥದ್ದೇ ಕಾಗದಗಳನ್ನು ಪ್ರಿಂಟ್ ಮಾಡಿಸುವುದು!

ಒಂದೇ ಡಬ್ಬಿಯಲ್ಲಿ ಪಹಣಿ ಕನ್ನಡದಲ್ಲಿ, ರಶೀದಿ ಇಂಗ್ಲಿಷಿನಲ್ಲಿ. ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ, ನಾನು ದಿನಾ ಟೈಪ್ ಮಾಡುತ್ತಿದ್ದ 'ಎಲ್‌ಪಿ' ಅನ್ನುವ ಎರಡಕ್ಷರದ ಕಮಾಂಡಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ.

ಎಲ್‌ಪಿ ಅಂದರೆ ಲೈನ್ ಪ್ರಿಂಟರ್, ಒಂದು ಸಲಕ್ಕೆ ಒಂದು ಇಡೀ ಸಾಲನ್ನು ಅಚ್ಚು ಹಾಕುವ ಯಂತ್ರ. ಇವುಗಳಲ್ಲಿ ಹೆಸರಾದದ್ದು 1959ರಲ್ಲಿ ಐಬಿಎಂ 1401 ಕಂಪ್ಯೂಟರಿನ ಜೊತೆಗೆ ಬಂದ 1403. ನಿಮಿಷಕ್ಕೆ 600 ಸಾಲು! ಅದರೊಳಗೆ ಸೈಕಲ್ ಚೈನಿನ ಹಾಗೆ ಒಂದು ಚೈನು ಅಡ್ಡಡ್ಡ ಓಡುತ್ತಿತ್ತು. ಚೈನಿನ ಮೇಲೆ 48 ಅಚ್ಚುಗಳ ಗುಂಪು, ಅಂಥ ಐದು ಗುಂಪು, ಒಟ್ಟು 240. ಬೇಕಾದ ಅಕ್ಷರ ಬೇಕಾದ ಜಾಗಕ್ಕೆ ಬಂದ ಕ್ಷಣದಲ್ಲಿ ಹಿಂದಿನಿಂದ ಸುತ್ತಿಗೆ ಕುಟ್ಟುತ್ತಿತ್ತು. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಕೆಲವು ಚಿಹ್ನೆ ಸೇರಿದರೆ 48 ಮುಗಿಯಿತು. ನಮ್ಮ ಕಾಗುಣಿತ, ಒತ್ತಕ್ಷರಗಳನ್ನು ಆ ಚೈನಿನ ಮೇಲೆ ಕೂರಿಸುವುದನ್ನು ಊಹಿಸಿಕೊಳ್ಳಿ :-)

ಇನ್ನು ಯುನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇದನ್ನು ಶುರು ಮಾಡಿದರು. ದೊಡ್ಡ ಯಂತ್ರ ಬೇಕೆಂದು ಕೇಳುವಾಗ ಅವರು ಕೊಟ್ಟ ಕಾರಣ, ಕಾಗದಪತ್ರ ತಯಾರಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂತ. 1971ರಲ್ಲಿ ಅಲ್ಲಿನ ಪೇಟೆಂಟ್ ವಿಭಾಗದ ಟೈಪಿಸ್ಟರು ಅರ್ಜಿಗಳನ್ನು ಯುನಿಕ್ಸಿನಲ್ಲಿ ಟೈಪ್ ಮಾಡತೊಡಗಿದರು. ಅಂದರೆ ಯುನಿಕ್ಸಿನ ಮೊದಲ ಗಿರಾಕಿಗಳು ವಿಜ್ಞಾನಿಗಳಲ್ಲ, ಕಾಗದ ಪ್ರಿಂಟ್ ಮಾಡಬೇಕಾದ ಗುಮಾಸ್ತರು. 'ಎಲ್‌ಪಿಆರ್' ಅನ್ನುವ ಕಮಾಂಡು ಯುನಿಕ್ಸಿನ ಮೊದಲ ಕೆಲವು ಆವೃತ್ತಿಗಳಲ್ಲೇ ಕಾಣಿಸಿಕೊಂಡದ್ದು ಆಶ್ಚರ್ಯ ಅಲ್ಲ.

ಆ ಕಮಾಂಡು ಏನು ಮಾಡುತ್ತದೆ? ನಮ್ಮ ಕಡೆಯ ಅಕ್ಕಿ ಮಿಲ್ಲನ್ನು ನೆನಪಿಸಿಕೊಳ್ಳಿ. ಭತ್ತದ ಗೋಣಿಗೆ ಹೆಸರು ಬರೆದು ಮಿಲ್ಲಿನ ಮೂಲೆಯಲ್ಲಿ ಇಟ್ಟು ನಾವು ಪೇಟೆಗೆ ಹೋಗುತ್ತೇವೆ. ಮಿಲ್ಲಿನವರು ಸರದಿ ಪ್ರಕಾರ ಒಂದೊಂದೇ ಗೋಣಿ ಸುರಿಯುತ್ತಾರೆ. ಯಂತ್ರ ಒಂದೇ, ಗಿರಾಕಿ ಹತ್ತು ಮಂದಿ. ಎಲ್ಲರೂ ಒಟ್ಟಿಗೆ ಸುರಿದರೆ ಯಾರ ಅಕ್ಕಿ ಯಾರಿಗೆ? ಪ್ರಿಂಟರೂ ಹಾಗೇ. ಎಲ್‌ಪಿಆರ್ ನಮ್ಮ ಗೋಣಿಯನ್ನು 'ಸ್ಪೂಲ್' ಅನ್ನುವ ಮೂಲೆಯಲ್ಲಿಟ್ಟು ಬರುತ್ತದೆ. 'ಎಲ್‌ಪಿಡಿ' ಅನ್ನುವ, ತೆರೆಯ ಹಿಂದೆ ಸದಾ ಎಚ್ಚರವಾಗಿರುವ ಪ್ರೋಗ್ರಾಮು ಮಿಲ್ಲಿನವನ ಕೆಲಸ ಮಾಡುತ್ತದೆ. 'ಎಲ್‌ಪಿಕ್ಯೂ' ಅಂದರೆ ನನ್ನ ಸರದಿ ಎಷ್ಟನೆಯದು ಅಂತ ಕೇಳುವುದು. 'ಎಲ್‌ಪಿಆರ್‌ಎಂ' ಅಂದರೆ ನನ್ನ ಗೋಣಿ ವಾಪಸ್ ಕೊಡಿ ಅನ್ನುವುದು.

ನಮ್ಮ ಆಫೀಸಿನಲ್ಲಿ ಇದ್ದದ್ದು ಇನ್ನೊಂದು ಬಗೆ. ಯುನಿಕ್ಸ್ ಮನೆತನ ಅಷ್ಟು ಹೊತ್ತಿಗೆ ಎರಡು ಪಾಲಾಗಿತ್ತು. 1983ರಲ್ಲಿ ಬೆಲ್ ಲ್ಯಾಬ್ಸಿನ ಒಡೆಯರಾದ ಎಟಿ ಅಂಡ್ ಟಿಯವರ ಸಿಸ್ಟಮ್ ಫೈವ್ ಬಂತು, ಅದೇ ವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಬಂತು. ಬರ್ಕ್ಲಿಯವರು ಎಲ್‌ಪಿಆರ್ ಕುಟುಂಬವನ್ನು ನೆಟ್‌ವರ್ಕಿಗೆ ಹೊಂದಿಸಿದರು. ಅದು ನಡೆಯುವ ಕ್ರಮವನ್ನು 1990ರಲ್ಲಿ ಆರ್‌ಎಫ್‌ಸಿ 1179 ಅಂತ ಬರೆದಿಟ್ಟದ್ದೂ ಉಂಟು. ಎಟಿ ಅಂಡ್ ಟಿಯವರು ಎಲ್‌ಪಿ, ಎಲ್‌ಪಿಸ್ಟಾಟ್, ಕ್ಯಾನ್ಸಲ್, ಎಲ್‌ಪಿಅಡ್ಮಿನ್ ಅಂತ ಬೇರೆಯೇ ಸಂಸಾರ ಹೂಡಿದರು. ಕೆಲಸ ಒಂದೇ, ಹೆಸರು ಬೇರೆ. ಆಸ್ತಿ ಪಾಲಾದ ಮೇಲೆ ಒಂದೇ ಬಾವಿಗೆ ಎರಡು ಹಗ್ಗ ಕಟ್ಟಿದ ಹಾಗೆ.

ಸಿಸ್ಟಮ್ ಫೈವಿನಲ್ಲಿ ನನಗೆ ಇಷ್ಟವಾದದ್ದು ಒಂದು ಸೂಕ್ಷ್ಮ ವ್ಯತ್ಯಾಸ. 'ರಿಜೆಕ್ಟ್' ಕೊಟ್ಟರೆ ಹೊಸ ಗೋಣಿ ತೆಗೆದುಕೊಳ್ಳುವುದಿಲ್ಲ, ಆದರೆ ಇರುವುದು ಮುಗಿಯುತ್ತದೆ. 'ಡಿಸೇಬಲ್' ಕೊಟ್ಟರೆ ಯಂತ್ರ ನಿಲ್ಲುತ್ತದೆ, ಆದರೆ ಹೊಸ ಗೋಣಿ ಮೂಲೆಗೆ ಬಂದು ಬೀಳುತ್ತಲೇ ಇರುತ್ತದೆ. ರಿಬ್ಬನ್ ಬದಲಾಯಿಸಬೇಕಾದರೆ ಎರಡನೆಯದು, ಸಂಜೆ ಮನೆಗೆ ಹೊರಡುವಾಗ ಮೊದಲನೆಯದು. ನನಗೆ ಇದನ್ನು ಹೇಳಿಕೊಟ್ಟ ಹಿರಿಯ ಸಹೋದ್ಯೋಗಿ, "ಪ್ರಿಂಟರಿನ ಎದುರು ನಿಂತು ಬೈಬೇಡ ಮಾರಾಯ, ಎಲ್‌ಪಿಸ್ಟಾಟ್ ಕೇಳು, ಅದು ಹೇಳ್ತದೆ" ಅನ್ನುತ್ತಿದ್ದರು. ನಿಜ, ಅದು ಹೇಳುತ್ತಿತ್ತು. ಯಾರ ಕೆಲಸ, ಎಷ್ಟು ದೊಡ್ಡದು, ಯಾಕೆ ನಿಂತಿದೆ... ಎಲ್ಲವನ್ನೂ ಹೇಳುತ್ತಿತ್ತು, ಇಂಗ್ಲಿಷ್ ಓದಬಲ್ಲವರಿಗೆ.

ಪ್ರಿಂಟರ್ ಯಾಕೆ ನಿಂತಿದೆ ಅಂತ ತಿಳಿಯುವ ಹಕ್ಕು ಸಣ್ಣದಲ್ಲ. ಅಂದ ಹಾಗೆ, ರಿಚರ್ಡ್ ಸ್ಟಾಲ್‌ಮನ್ ಕಥೆ ಗೊತ್ತೇ? ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ಹಳೇ ಪ್ರಿಂಟರಿನ ಪ್ರೋಗ್ರಾಮನ್ನು ಅವರು ತಿದ್ದಿದ್ದರು. ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಅವರ ಪರದೆಯ ಮೇಲೆ ಸುದ್ದಿ ಹೋಗುತ್ತಿತ್ತು. 1980ರ ಸುಮಾರಿಗೆ ಝೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ಪ್ರೋಗ್ರಾಮಿನ ಮೂಲ ಬರಹ ಕೊಡಲಿಲ್ಲ. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅದು ಇದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಅಂತ ಸಹಿ ಹಾಕಿದ್ದೇನೆ ಅಂದರಂತೆ. ಓದಲು ಆಗದ್ದನ್ನು ತಿದ್ದಲೂ ಆಗುವುದಿಲ್ಲ. ಈ ಸಿಟ್ಟೂ ಸೇರಿ 1983ರ ಸೆಪ್ಟೆಂಬರ್ 27ರಂದು ಗ್ನೂ ಯೋಜನೆಯ ಘೋಷಣೆ ಹೊರಬಿತ್ತು. ಇವತ್ತಿನ ಲಿನಕ್ಸ್ ಲೋಕದ ಒಂದು ಬೇರು ಒಂದು ಪ್ರಿಂಟರಿನಲ್ಲಿದೆ!

ಈ ಕಥೆ ಓದುವಾಗಲೆಲ್ಲ ನನಗೆ ಅಪ್ಪನೇ ನೆನಪಾಗುವುದು. ಸ್ಟಾಲ್‌ಮನ್‌ಗೆ ಓದಲು ಸಿಗದೆ ಇದ್ದದ್ದು ಪ್ರೋಗ್ರಾಮು, ಅಪ್ಪನಿಗೆ ಓದಲು ಸಿಗದೆ ಇದ್ದದ್ದು 'ಬಾಕಿ' ಅನ್ನುವ ಶಬ್ದ.

ಇರಲಿ, ರಶೀದಿ ಇಂಗ್ಲಿಷಿನಲ್ಲೇ ಯಾಕಿತ್ತು ಅನ್ನುವುದಕ್ಕೆ ಬರೋಣ. ನಮ್ಮ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂದದ್ದು ರಂಗರಾಜನ್ ಸಮಿತಿಯ 1984 ಮತ್ತು 1989ರ ಎರಡು ವರದಿಗಳ ದಾರಿಯಲ್ಲಿ. ಶಾಖೆಗಳಲ್ಲಿ ಕಂಡದ್ದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಅದರ ತಲೆಯಲ್ಲಿ ಸಾಮಾನ್ಯವಾಗಿ ಮೇಲಿಂದ ಕೆಳಗೆ ಒಂಬತ್ತು ಸೂಜಿ. ಕಂಪ್ಯೂಟರು ಅದಕ್ಕೆ ಚಿತ್ರ ಕಳಿಸುವುದಿಲ್ಲ, ಬರೀ ನಂಬರು ಕಳಿಸುತ್ತದೆ. 65 ಅಂದರೆ ಇಂಗ್ಲಿಷಿನ ದೊಡ್ಡ ಎ, 66 ಅಂದರೆ ಬಿ. ಯಾವ ನಂಬರಿಗೆ ಯಾವ ಸೂಜಿ ಯಾವಾಗ ಕುಟ್ಟಬೇಕು ಅನ್ನುವುದು ಪ್ರಿಂಟರಿನ ಒಳಗಿನ ಚಿಪ್ಪಿನಲ್ಲೇ ಕೆತ್ತಿರುತ್ತಿತ್ತು. ಆ ಚಿಪ್ಪಿನಲ್ಲಿ ಕನ್ನಡ ಇಲ್ಲದಿದ್ದರೆ ಮುಗಿಯಿತು. ಎಲ್‌ಪಿ ಏನು ಮಾಡೀತು ಪಾಪ, ಅದು ಗೋಣಿ ಹೊರುವ ಕೂಲಿ, ಒಳಗೆ ಭತ್ತ ಇದೆಯೋ ರಾಗಿ ಇದೆಯೋ ಅದಕ್ಕೆ ಗೊತ್ತಿಲ್ಲ.

ಮತ್ತೆ ಪಹಣಿ ಕನ್ನಡದಲ್ಲಿ ಹೇಗೆ ಬಂತು? ಅದಕ್ಕೆ ಬೇರೆ ದಾರಿ ಇತ್ತು: ಅಕ್ಷರವನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ, ಚುಕ್ಕಿ ಚುಕ್ಕಿಯಾಗಿ ಪ್ರಿಂಟರಿಗೆ ಕಳಿಸುವುದು. ಭಾರತೀಯ ಭಾಷೆಗಳಿಗೆ ಇಂಥ ದಾರಿ ಹಾಕಿಕೊಟ್ಟವರು ಐಐಟಿ ಕಾನ್ಪುರದವರು. ಅಲ್ಲಿ ಮೊಳೆತ ಜಿಸ್ಟ್ ತಂತ್ರಜ್ಞಾನವನ್ನು 1988ರಲ್ಲಿ ಹುಟ್ಟಿದ ಪುಣೆಯ ಸಿ-ಡ್ಯಾಕ್ ಬೆಳೆಸಿತು. ಭಾರತೀಯ ಲಿಪಿಗಳಿಗೆಲ್ಲ ಇಸ್ಕಿ ಅನ್ನುವ ಸಂಕೇತ ವ್ಯವಸ್ಥೆ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. 'ಭೂಮಿ'ಯಲ್ಲಿ ಕನ್ನಡಕ್ಕೆ ಬಳಸಿದ್ದೂ ಸಿ-ಡ್ಯಾಕ್‌ನ ತಂತ್ರಾಂಶವನ್ನೇ. ರಾಜ್ಯದ 177 ತಾಲೂಕುಗಳಲ್ಲೂ ರೈತರಿಗೆ ಓದಲು ಬರುವ ಕಾಗದ ಕೊಡಬೇಕು ಅಂತ ಯಾರೋ ಮೊದಲೇ ತೀರ್ಮಾನಿಸಿದ್ದರು, ಅದಕ್ಕೆ ಬಂತು. ಅಂದರೆ 2002ರಲ್ಲಿ ಕನ್ನಡ ರಶೀದಿ ಅಸಾಧ್ಯ ಆಗಿರಲಿಲ್ಲ. ಹೆಚ್ಚಿನ ಕೆಲಸ ಆಗಿತ್ತು, ಅಷ್ಟೇ.

ಚಿತ್ರ ಮಾಡಿ ಅಚ್ಚು ಹಾಕುವುದು ನಮ್ಮ ಜಿಲ್ಲೆಗೆ ಹೊಸತೂ ಅಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗ್ ಅವರು ತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದನ್ನು ಅಚ್ಚಿನ ಮೊಳೆ ಜೋಡಿಸಿ ಹಾಕಿದ್ದಲ್ಲ. ಬಾಸೆಲ್ ಮಿಶನ್ ಪ್ರೆಸ್ಸಿನ ಕಲ್ಲಚ್ಚಿನಲ್ಲಿ, ಅಂದರೆ ಕೈಬರಹದ ಇಡೀ ಪುಟವನ್ನೇ ಕಲ್ಲಿನ ಮೇಲೆ ಮೂಡಿಸಿ ತೆಗೆದದ್ದು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ, 'ಕನ್ನಡ ಸಮಾಚಾರ' ಆಗಿ, ಮೊಳೆಯಚ್ಚಿಗೆ ಬದಲಾಯಿತು. ಕನ್ನಡ ಅಕ್ಷರ ಹೊಸ ಯಂತ್ರಕ್ಕೆ ಮೊದಲು ಚಿತ್ರವಾಗಿ ಹೋಗಿ, ಆಮೇಲೆ ಅಕ್ಷರವಾದದ್ದು ಅಲ್ಲೂ ಹೌದು, ಕಂಪ್ಯೂಟರಿನಲ್ಲೂ ಹೌದು.

ಕಂಪ್ಯೂಟರಿನಲ್ಲಿ ಕನ್ನಡ ನಿಜವಾಗಿ ಅಕ್ಷರವಾದದ್ದು ಯುನಿಕೋಡಿನಿಂದ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತು. ಅದರ ಜೋಡಣೆ ಇಸ್ಕಿಯದ್ದೇ. ಆ ನಂಬರುಗಳನ್ನು ಕಡತದಲ್ಲಿ ಹೇಗೆ ಬರೆಯುವುದು ಅನ್ನುವ ತಲೆನೋವಿಗೆ 1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಮದ್ದು ಕಂಡುಹಿಡಿದರು. ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ತಟ್ಟೆಯ ಅಡಿಗೆ ಹಾಸುವ ಕಾಗದದ ಮೇಲೆ ಬರೆದದ್ದಂತೆ! ಅದೇ ಯುಟಿಎಫ್-8. ಯುನಿಕ್ಸ್ ಶುರು ಮಾಡಿದ ಅದೇ ಥಾಂಪ್ಸನ್. ಈ ಲೇಖನದ ಪ್ರತಿ ಕನ್ನಡ ಸಂಕೇತವೂ ಅವರ ಲೆಕ್ಕದಲ್ಲಿ ಮೂರು ಬೈಟು.

ಅಷ್ಟರಲ್ಲಿ ಪ್ರಿಂಟರಿನ ಲೋಕವೂ ಬದಲಾಯಿತು. ಪ್ರತಿ ಯುನಿಕ್ಸಿಗೂ ಬೇರೆ ಬೇರೆ ಪ್ರಿಂಟಿಂಗ್ ವ್ಯವಸ್ಥೆ ಇದ್ದ ಗೋಜಲನ್ನು ಬಿಡಿಸಲು ಮೈಕಲ್ ಸ್ವೀಟ್ ಎಂಬವರು 1997ರಲ್ಲಿ ಕಪ್ಸ್ ಶುರು ಮಾಡಿದರು. 1999ರಲ್ಲಿ ಅದು ಹೊರಬಂತು. ನನಗೆ ಖುಷಿಯಾದದ್ದು, ಅವರು ಪಾಲಾದ ಎರಡೂ ಮನೆಯವರನ್ನು ಒಂದೇ ಚಾವಡಿಯಲ್ಲಿ ಕೂರಿಸಿದರು. ಎಲ್‌ಪಿ ಅಂದರೂ ನಡೆಯುತ್ತದೆ, ಎಲ್‌ಪಿಆರ್ ಅಂದರೂ ನಡೆಯುತ್ತದೆ. ಒಂದು ತಮಾಷೆ: ಹಳೇ 'ಎನೇಬಲ್' ಕಮಾಂಡಿಗೆ ಮಾತ್ರ ಹೆಸರು ಬದಲಾಯಿಸಿ 'ಕಪ್ಸ್‌ಎನೇಬಲ್' ಮಾಡಬೇಕಾಯಿತು. ಯಾಕೆಂದರೆ ಲಿನಕ್ಸಿನ ಬ್ಯಾಶ್ ಒಳಗೆ ಅದೇ ಹೆಸರಿನ ಇನ್ನೊಬ್ಬರು ಆಗಲೇ ಬಿಡಾರ ಹೂಡಿದ್ದರು. ಆಪಲ್ ಕಂಪನಿ 2002ರಿಂದ ಕಪ್ಸ್ ಬಳಸಿತು, 2007ರಲ್ಲಿ ಕೊಂಡುಕೊಂಡಿತು. ಸ್ವೀಟ್ 2019ರ ಕೊನೆಗೆ ಆಪಲ್ ಬಿಟ್ಟ ಮೇಲೆ, 2020ರಿಂದ ಓಪನ್‌ಪ್ರಿಂಟಿಂಗ್ ಬಳಗ ಅದನ್ನು ಮುಂದುವರಿಸಿದೆ. ಆ ಬಳಗದಲ್ಲಿ ಭಾರತದ ವಿದ್ಯಾರ್ಥಿಗಳೂ ಕೆಲಸ ಮಾಡಿದ್ದಾರೆ.

ಈಗ ಮೂರನೆಯ ಕಾಗದ. 2008ರ ಮಳೆಗಾಲ. ಹಳೇ ಲ್ಯಾಪ್‌ಟಾಪು, ಅದರಲ್ಲಿ ಲಿನಕ್ಸು, ಒಂದು ಸೆಕೆಂಡ್ ಹ್ಯಾಂಡ್ ಲೇಸರ್ ಪ್ರಿಂಟರು ಹೊತ್ತುಕೊಂಡು ಊರಿಗೆ ಬಂದಿದ್ದೆ. ಅಪ್ಪನ ಡೈರಿ ನೋಡಿ ಆ ವರ್ಷದ ತೋಟದ ಖರ್ಚುವೆಚ್ಚವನ್ನೆಲ್ಲ ಕನ್ನಡದಲ್ಲಿ, ಯುನಿಕೋಡಿನಲ್ಲಿ ಟೈಪ್ ಮಾಡಿದೆ. ಕರೆಂಟು ಬರುವುದನ್ನೇ ಕಾದು, ಬಂದ ಕೂಡಲೇ ಎಲ್‌ಪಿ ಕೊಟ್ಟೆ. ಬಂದದ್ದೇನು? ಪುಟ ತುಂಬಾ ತಲೆಯ ಮೇಲೆ ಗೆರೆ ಹೊತ್ತ ಫ್ರೆಂಚ್ ಎ, ಅದರ ಪಕ್ಕ ಪುಟ್ಟ ಎರಡು ಅಥವಾ ಮೂರು, ಮತ್ತೇನೋ ಒಂದು. ಅರ್ಥವಾಯಿತು. ಪ್ರತಿ ಕನ್ನಡ ಸಂಕೇತದ ಮೂರು ಬೈಟನ್ನು ಅದು ಮೂರು ಯುರೋಪಿನ ಅಕ್ಷರ ಅಂದುಕೊಂಡಿತ್ತು. ಕನ್ನಡ ಸಂಕೇತಗಳೆಲ್ಲ ಒಂದೇ ಬೈಟಿನಿಂದ ಶುರುವಾಗುತ್ತವೆ, ಅದೇ ಆ ಗೆರೆ ಹೊತ್ತ ಎ. ಕೇರಿಯ ಮೊದಲರ್ಧದಲ್ಲಿದ್ದರೆ ಎರಡು, ಎರಡನೇ ಅರ್ಧದಲ್ಲಿದ್ದರೆ ಮೂರು. ಅಪ್ಪ ಇಣುಕಿ ನೋಡಿ, "ಇದು ಆ ಬ್ಯಾಂಕಿನದ್ದಕ್ಕಿಂತಲೂ ಕಷ್ಟ ಉಂಟು" ಅಂದರು!

ಮದ್ದು ಇತ್ತು. ಅಕ್ಷರ ಜೋಡಿಸಿ ಒತ್ತು ಕೊಟ್ಟು ಕೂರಿಸುವ ವಿದ್ಯೆ ಗೊತ್ತಿದ್ದ 'ಪ್ಯಾಂಗೋ' ಅನ್ನುವ ತಂತ್ರಾಂಶ ಲಿನಕ್ಸಿನಲ್ಲಿತ್ತು. ಅದರ ಸಹಾಯದಿಂದ ಪಠ್ಯವನ್ನು ಪ್ರಿಂಟರಿಗೆ ತಿಳಿಯುವ ಪೋಸ್ಟ್‌ಸ್ಕ್ರಿಪ್ಟ್ ಮಾಡಿಕೊಡುವ 'ಪ್ಯಾಪ್ಸ್' ಎಂಬ ಪುಟ್ಟ ಕಮಾಂಡೂ ಇತ್ತು. ಬಳಸುವುದು ಸುಲಭ. ಪ್ಯಾಪ್ಸ್, ಕಡತದ ಹೆಸರು, ನಡುವೆ ಒಂದು ನೆಟ್ಟನೆಯ ಗೆರೆ, ಆಮೇಲೆ ಎಲ್‌ಪಿ. ಆ ನೆಟ್ಟನೆಯ ಗೆರೆಯೇ ಪೈಪು, ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಹಾಯಿಸುವ ತೋಡು. ಡಗ್ ಮೆಕ್‌ಇಲ್ರಾಯ್ ಪಟ್ಟು ಹಿಡಿದದ್ದರಿಂದ 1973ರಲ್ಲಿ ಯುನಿಕ್ಸಿಗೆ ಬಂದದ್ದು. 1971ರ ಟೈಪಿಸ್ಟರಿಗಾಗಿ ಹುಟ್ಟಿದ ವ್ಯವಸ್ಥೆ, 1973ರ ಪೈಪು, 1992ರ ಯುಟಿಎಫ್-8, 1999ರ ಕಪ್ಸ್ ಎಲ್ಲವೂ ಸೇರಿ ಗುತ್ತಿಗಾರಿನ ಚಾವಡಿಯಲ್ಲಿ ಒಂದು ಪುಟ ಕನ್ನಡ ಹೊರಗೆ ಹಾಕಿದವು.

ಅಪ್ಪ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹೋಗಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. ಐದು ನಿಮಿಷ ಆದ ಮೇಲೆ ತಲೆಯೆತ್ತಿ, "ಇದು ತಪ್ಪು. ಮೈಲುತುತ್ತಿನ ದುಡ್ಡನ್ನು ಗೊಬ್ಬರದ ಲೆಕ್ಕಕ್ಕೆ ಹಾಕಿದ್ದೀ" ಅಂದರು. ನೋಡಿದೆ. ನಿಜ, ತಪ್ಪು ನನ್ನದೇ. ಅಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಗೊಬ್ಬರ ಅನ್ನುವುದನ್ನು ಹೊಡೆದುಹಾಕಿ ಪಕ್ಕದಲ್ಲಿ ಮೈಲುತುತ್ತು ಅಂತ ಬರೆದರು.

ಅವತ್ತೇ ನನಗೆ ಹೊಳೆದದ್ದು. ತನ್ನ ಲಿಪಿಯಲ್ಲಿ ಕಾಗದ ಬೇಕು ಅನ್ನುವುದು ಭಾಷಾಭಿಮಾನಕ್ಕೆ ಮಾತ್ರ ಸೇರಿದ ವಿಷಯ ಅಲ್ಲ. ಓದಬಲ್ಲವನು ಮಾತ್ರ "ಇದು ತಪ್ಪು" ಅನ್ನಬಲ್ಲ. ಓದಲಾಗದವನು ಮಡಚಿ ಡಬ್ಬಿಗೆ ಹಾಕುತ್ತಾನೆ. 2002ರ ರಶೀದಿಯಲ್ಲಿ ಎಲ್ಲವೂ ಸರಿಯಾಗಿತ್ತು, ಆದರೆ ಅಪ್ಪನಿಗೆ ನಷ್ಟವಾಯಿತು. 2008ರ ನನ್ನ ಕಾಗದದಲ್ಲಿ ತಪ್ಪಿತ್ತು, ಅದು ಐದೇ ನಿಮಿಷದಲ್ಲಿ ಸರಿಯಾಯಿತು.

ಈಗಿನ ಕಪ್ಸ್‌ನಲ್ಲಿ ಹೊಸ ಪ್ರಿಂಟರುಗಳಿಗೆ ಡ್ರೈವರಿನ ಗೊಡವೆಯೂ ಹೆಚ್ಚಿಲ್ಲ. ಎಲ್‌ಪಿಅಡ್ಮಿನ್‌ಗೆ 'ಎವ್ರಿವೇರ್' ಅಂದರೆ ಸಾಕು, ನಿನಗೆ ಏನೇನು ಬರುತ್ತದೆ ಅಂತ ಅದು ಪ್ರಿಂಟರನ್ನೇ ಕೇಳುತ್ತದೆ. ಹಾಗಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಕಪ್ಸ್ ಜೊತೆಗೆ ಬರುವ, ತಾನಾಗಿ ಪ್ರಿಂಟರ್ ಹುಡುಕುವ ಭಾಗದಲ್ಲಿ 2024ರ ಸೆಪ್ಟೆಂಬರಿನಲ್ಲಿ ದೊಡ್ಡ ದೋಷಗಳು ಹೊರಬಿದ್ದು ಎಲ್ಲರೂ ಗಡಿಬಿಡಿಯಲ್ಲಿ ಸರಿಪಡಿಸಬೇಕಾಯಿತು. ಆ ದೋಷ ಸಿಕ್ಕಿದ್ದು ಹೇಗೆ? ಮೂಲ ಬರಹ ಎಲ್ಲರಿಗೂ ಓದಲು ಸಿಗುವಂತಿತ್ತು, ಯಾರೋ ಕೂತು ಓದಿದರು, "ಇದು ತಪ್ಪು" ಅಂದರು.

ಮೂರೂ ಕಾಗದವನ್ನು ಮೊದಲಿದ್ದ ಹಾಗೇ ಮಡಚಿ ಡಬ್ಬಿಯಲ್ಲಿಟ್ಟು ಅಟ್ಟಕ್ಕೆ ಏರಿಸಿದ್ದೇನೆ. ಲೇಸರಿನ ಶಾಯಿ ಇನ್ನೂ ಕಪ್ಪಾಗಿಯೇ ಇದೆ. ಅಪ್ಪನ ಪೆನ್ಸಿಲ್ ಗುರುತು ಸ್ವಲ್ಪ ಮಾಸಿದೆ, ಆದರೂ ಓದಬಹುದು.